ನಗಬೇಡ, ಇಲ್ಲಿ ನೋಡು

ಫೋಟೋ ತೆಗೆಯುವವರು ಯಾರೇ ಆಗಲಿ, ಮಕ್ಕಳನ್ನು ಎದುರಿಗೆ ನಿಲ್ಲಿಸಿಕೊಂಡರೆ ‘ನಗು’ ಎನ್ನುತ್ತಾರೆ. ನಮ್ಮ ಶಾಲೆಯಲ್ಲಿ ಒಬ್ಬರಿದ್ದರು, ಅವರು ‘ನಗಬೇಡ’ ಎನ್ನುತ್ತಿದ್ದರು.

“ನಗಬೇಡ ಪುಟ್ಟಾ. ಇಲ್ಲಿ ನೋಡು. ಈ ಗಾಜಿನೊಳಗೆ ಯಾರಿದ್ದಾರೆ ನೋಡು. ಹಾಂ, ಕಣ್ಣು ಅಗಲ ಮಾಡು.”

ಮಗು ಬಾಯಿ ತೆರೆದುಕೊಂಡು ಕ್ಯಾಮೆರಾದೊಳಗೆ ಇಣುಕುತ್ತಿತ್ತು. ಫಕ್ಕನೆ ಫ್ಲ್ಯಾಶ್ ಹೊತ್ತಿಕೊಳ್ಳುತ್ತಿತ್ತು. ಯಾಕೆ ನಗಿಸುವುದಿಲ್ಲ ಎಂದು ಕೇಳಿದರೆ, “ನಕ್ಕರೆ ಕಣ್ಣು ಮುಚ್ಚಿಹೋಗುತ್ತೆ ಕಣ್ರೀ” ಎಂದಷ್ಟೇ ಹೇಳಿ ಮುಂದಿನ ಕೆಲಸಕ್ಕೆ ಹೋಗುತ್ತಿದ್ದರು. ಹಲ್ಲು ಕಾಣದಿದ್ದರೂ ಪರವಾಗಿಲ್ಲ, ಕಣ್ಣು ಕಾಣಬೇಕು ಎನ್ನುವ ಹಟ ಅದು. ಅದರ ಹಿಂದೆ ಏನಿದೆ ಎಂದು ನನಗೆ ತಿಳಿಯಲು ಹಲವು ವರ್ಷ ಬೇಕಾಯಿತು.

ಅವರು ಕಳೆದ ಕಾರ್ತಿಕದಲ್ಲಿ ತೀರಿಕೊಂಡರು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಯಜಮಾನರು ಇದ್ದಾರೆ, ಮನೆಯ ಮಾತು ಹೊರಗೆ ಬಂದರೆ ಅವರು ನೊಂದುಕೊಳ್ಳುವ ಸ್ವಭಾವದವರು. ಮಕ್ಕಳಿಗಂತೂ ಅವರ ಹೆಸರು ಗೊತ್ತೇ ಇರಲಿಲ್ಲ. ಎಲ್ಲರಿಗೂ ಅವರು ಫೋಟೋ ಮಿಸ್.

ಜರಗನಹಳ್ಳಿಗೆ ಹೊಂದಿಕೊಂಡ ಜೆ.ಪಿ. ನಗರದ ಅಡ್ಡರಸ್ತೆಯೊಂದರಲ್ಲಿ, ಯಾರೋ ವಾಸಕ್ಕೆಂದು ಕಟ್ಟಿಸಿದ ಮನೆಯೇ ನಮ್ಮ ಶಾಲೆಯಾಗಿತ್ತು. ಮೇಲಿನ ಮಲಗುವ ಕೋಣೆಗಳಲ್ಲಿ ಮೂರನೇ, ನಾಲ್ಕನೇ ಕ್ಲಾಸು, ಹಾಲ್‌ನಲ್ಲಿ ಒಂದನೇ ಕ್ಲಾಸು, ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಎಲ್‌ಕೆಜಿ. ನಾನು ಮೇಲೆ ಕನ್ನಡ ಕಲಿಸುತ್ತಿದ್ದೆ. ಅವರು ಕೆಳಗೆ ಶೆಡ್ಡಿನಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಕುಳ್ಳಗೆ, ಸಣ್ಣಗೆ ಇದ್ದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಬಿಗಿಯಾಗಿ ಕಟ್ಟಿದ ತುರುಬು. ನಡಿಗೆ ಎಷ್ಟು ಚುರುಕೆಂದರೆ ಜೊತೆಯಲ್ಲಿ ಹೊರಟವರು ಹಿಂದೆ ಬೀಳಲೇಬೇಕು. ಮಧ್ಯಾಹ್ನ ನಾವೆಲ್ಲ ಡಬ್ಬಿ ಬಿಚ್ಚಿ ಪಲ್ಯ ಹಂಚಿಕೊಳ್ಳುವಷ್ಟರಲ್ಲಿ ಅವರ ಮೊಸರನ್ನ ಮುಗಿದು ಡಬ್ಬಿ ತೊಳೆದಾಗಿರುತ್ತಿತ್ತು.

ಎಲ್‌ಕೆಜಿ ಟೀಚರೆಂದರೆ ಮಕ್ಕಳು ಸೆರಗು ಹಿಡಿದು ಜೋತುಬೀಳುವ ಚಿತ್ರ ನಮ್ಮ ಮನಸ್ಸಿಗೆ ಬರುತ್ತದಲ್ಲ, ಇವರು ಹಾಗಿರಲಿಲ್ಲ. ಮುದ್ದು ಮಾಡುವುದು ಕಡಿಮೆ. ಬದಲಿಗೆ ಬೆಳಗ್ಗೆ ಗೇಟಿನಲ್ಲಿ ನಿಂತು ಒಂದೊಂದು ಮಗುವಿನ ಗದ್ದ ಹಿಡಿದು, ಮುಖವನ್ನು ಬೆಳಕಿನ ಕಡೆಗೆ ತಿರುಗಿಸಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿ ಒಳಗೆ ಬಿಡುತ್ತಿದ್ದರು. ಹೊಸದಾಗಿ ಸೇರಿದ ಮಗುವಿನ ತಾಯಿ ಇದನ್ನು ನೋಡಿ, “ಮಿಸ್ ಯಾಕೋ ತುಂಬಾ ಸ್ಟ್ರಿಕ್ಟ್ ಇರೋ ಹಾಗಿದೆ” ಎಂದು ನನ್ನ ಹತ್ತಿರ ಅಳುಕುತ್ತ ಹೇಳಿದ್ದುಂಟು.

ಬಸ್ಸಿನಲ್ಲೂ ಹೀಗೇ. ಒಮ್ಮೆ ಕನಕಪುರ ರಸ್ತೆಯಲ್ಲಿ ಇಬ್ಬರೂ ಬಸ್ಸು ಹತ್ತಿದೆವು. ಮುಂದಿನ ಸೀಟಿನಲ್ಲಿ ಒಬ್ಬಾಕೆ ಕೂಸನ್ನು ಹೆಗಲ ಮೇಲೆ ಹಾಕಿಕೊಂಡಿದ್ದಳು. ಕೂಸು ನಮ್ಮ ಕಡೆ ಮುಖ ಮಾಡಿತ್ತು. ಇವರು ಅದನ್ನೇ ನೋಡುತ್ತ ಕುಳಿತರು. ಎಡಕ್ಕೆ ಬಾಗಿ ನೋಡಿದರು, ಬಲಕ್ಕೆ ಬಾಗಿ ನೋಡಿದರು. ಆಕೆ ತಿರುಗಿ ಇವರನ್ನೊಮ್ಮೆ ದುರುಗುಟ್ಟಿ, ಕೂಸಿನ ಮುಖದ ಮೇಲೆ ದುಪಟ್ಟಾ ಎಳೆದುಬಿಟ್ಟಳು. ನನಗೇ ಮುಜುಗರವಾಯಿತು. ಇವರಿಗೆ ಏನೂ ಆಗಲಿಲ್ಲ.

“ಎರಡೂ ಚೆನ್ನಾಗಿದೆ” ಎಂದರು, ತಮ್ಮಷ್ಟಕ್ಕೆ.

ಅವರ ಕ್ಯಾಮೆರಾ ಒಂದು ಪುಟ್ಟ ಬೆಳ್ಳಿ ಬಣ್ಣದ ಡಿಜಿಟಲ್ ಕ್ಯಾಮೆರಾ, ಪೆನ್ಸಿಲ್ ಸೆಲ್ ಹಾಕುವಂಥದ್ದು. ರವಿಕೆ ಕಣದಲ್ಲಿ ತಾವೇ ಹೊಲಿದ ಚೀಲದಲ್ಲಿ ಇಟ್ಟುಕೊಂಡಿದ್ದರು. “ಈ ಫ್ಲ್ಯಾಶ್‌ಗೆ ಎಷ್ಟು ತಿನ್ನಿಸಿದ್ರೂ ಹೊಟ್ಟೆ ತುಂಬಲ್ಲ” ಎಂದು ಬೈಯುತ್ತ ಸೆಲ್ ಬದಲಾಯಿಸುತ್ತಿದ್ದರು.

ಹುಟ್ಟುಹಬ್ಬಕ್ಕೆ ಮಗು ಬಣ್ಣದ ಬಟ್ಟೆ ಹಾಕಿಕೊಂಡು, ಚಾಕೊಲೇಟ್ ಡಬ್ಬ ಹಿಡಿದುಕೊಂಡು ಬಂದರೆ ಎರಡು ಫೋಟೋ ತೆಗೆಯುತ್ತಿದ್ದರು. ಮೊದಲನೆಯದಕ್ಕೆ ಬಹಳ ಸಿಂಗಾರ. ಮಗುವನ್ನು ಬೋರ್ಡಿನ ಮುಂದೆ ನಿಲ್ಲಿಸುತ್ತಿರಲಿಲ್ಲ, ಹೊಳಪು ವಾಪಸ್ ಹೊಡೆಯುತ್ತದೆಂದು ಕಿಟಕಿಯ ಪಕ್ಕಕ್ಕೆ ಒಯ್ಯುತ್ತಿದ್ದರು. ಫ್ಲ್ಯಾಶನ್ನು ಒಂದೆರಡು ಮಟ್ಟ ಇಳಿಸಿ, ಅದರ ಮೇಲೆ ಸ್ವೀಟ್ ಬಾಕ್ಸಿನ ತೆಳು ಕಾಗದವನ್ನು ಅಂಟಿಸಿ, ಕಣ್ಣು ಕೆಂಪಗೆ ಬಾರದ ಹಾಗೆ ಮಾಡುವ ಗುಂಡಿಯನ್ನೂ ಒತ್ತುತ್ತಿದ್ದರು. ಆ ಗುಂಡಿ ಒತ್ತಿದರೆ ಮೊದಲು ಒಂದು ಸಣ್ಣ ಬೆಳಕು ಬಂದು ಕಣ್ಣಿನ ಪಾಪೆಯನ್ನು ಕಿರಿದು ಮಾಡುತ್ತದೆ, ಆಮೇಲೆ ದೊಡ್ಡ ಬೆಳಕು. ಆ ಫೋಟೋದಲ್ಲಿ ಎಂಥ ಮಗುವೂ ಕ್ಯಾಲೆಂಡರಿನ ಕೃಷ್ಣನ ಹಾಗೆ ಕಾಣುತ್ತಿತ್ತು. ತಾಯಂದಿರು ಅದನ್ನು ಪ್ರಿಂಟ್ ಹಾಕಿಸಿಕೊಳ್ಳುತ್ತಿದ್ದರು.

ಎರಡನೆಯದಕ್ಕೆ ಶೆಡ್ಡಿನ ರೋಲಿಂಗ್ ಶಟರನ್ನು ಅರ್ಧ ಎಳೆದು ಒಳಗೆ ಮಬ್ಬು ಮಾಡುತ್ತಿದ್ದರು. ಕಾಗದ ಕಿತ್ತುಹಾಕಿ, ಕಣ್ಣಿನ ಗುಂಡಿ ಆರಿಸಿ, ಫ್ಲ್ಯಾಶನ್ನು ಪೂರ್ತಿ ಏರಿಸಿ, ನೇರ ಮುಖಕ್ಕೇ ಹೊಡೆಯುತ್ತಿದ್ದರು. ಸುಣ್ಣ ಬಳಿದಂಥ ಮುಖ, ಕೆಂಡದಂಥ ಎರಡು ಕಣ್ಣು, ಹಿಂದಿನ ಗೋಡೆಯ ಮೇಲೆ ಕರಿ ನೆರಳು.

“ಒಂದು ನಿಮಗೆ, ಒಂದು ನನಗೆ” ಎನ್ನುತ್ತಿದ್ದರು ತಾಯಂದಿರಿಗೆ. ತಮ್ಮದನ್ನು ಕ್ಯಾಮೆರಾದಲ್ಲೇ ದೊಡ್ಡದು ಮಾಡಿ ನೋಡಿ, ಅಲ್ಲೇ ಅಳಿಸಿಬಿಡುತ್ತಿದ್ದರು.

“ಮಿಸ್, ನಿಮ್ಮ ಫೋಟೋದಲ್ಲಿ ನಮ್ಮ ಮಕ್ಕಳೆಲ್ಲ ರಾಕ್ಷಸರ ಹಾಗೆ ಕಾಣ್ತಾರೆ” ಎಂದು ಸ್ಟಾಫ್ ರೂಮಿನಲ್ಲಿ ಯಾರೋ ನಕ್ಕಾಗ ಅವರು ಕೊಟ್ಟ ಉತ್ತರ ನನಗೆ ಚೆನ್ನಾಗಿ ನೆನಪಿದೆ.

“ಕಾಣ್ಲಿ ಬಿಡಿ. ರಾಕ್ಷಸರಿಗೆ ಎರಡು ಕಣ್ಣೂ ಕೆಂಪಗಿರುತ್ತೆ. ನನಗೆ ಅಷ್ಟು ಸಾಕು.”

ಒಂದು ಸಲ ಗೌರಿ ಹಬ್ಬಕ್ಕೆ ಕುಂಕುಮಕ್ಕೆ ಕರೆದಿದ್ದರೆಂದು ಸುಬ್ರಹ್ಮಣ್ಯಪುರದ ಅವರ ಮನೆಗೆ ಹೋದೆ. ಮೊದಲನೇ ಸಲ ಹೋಗಿದ್ದು. ಅಚ್ಚುಕಟ್ಟಾದ ಸಣ್ಣ ಮನೆ. ಹಾಲ್‌ನಲ್ಲಿ, ಸೋಫಾದ ಎದುರು ಗೋಡೆಗೆ ಒಂದು ದೊಡ್ಡ ಫೋಟೋ. ತಲೆಗೆ ಕಾಗದದ ಟೋಪಿ ಇಟ್ಟುಕೊಂಡ ಒಂದು ವರ್ಷದ ಗಂಡುಮಗು, ಕೆನ್ನೆಗೆ ಕೇಕಿನ ಕೆನೆ. ಹೊಳೆಯುವ ಎರಡು ಕಣ್ಣು. ಅವರ ಯಜಮಾನರು, ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರಾಗಿದ್ದವರು, ನಾನು ಅದನ್ನು ನೋಡುತ್ತಿರುವುದನ್ನು ಕಂಡು ಎದ್ದು ಹೋಗಿ ಪಂಚೆಯ ತುದಿಯಿಂದ ಅದರ ಗಾಜನ್ನು ಒರೆಸಿ ಬಂದು ಕುಳಿತರು. ಅವರಿಗೆ ಮಕ್ಕಳಿಲ್ಲ ಎಂದೇ ನಾನು ತಿಳಿದಿದ್ದೆ.

ಇವರು ಆ ಫೋಟೋಗೆ ಬೆನ್ನು ಹಾಕಿ ನೆಲದ ಮೇಲೆ ಕುಳಿತು ನನಗೆ ಅರಿಶಿನ ಕುಂಕುಮ ಕೊಟ್ಟರು. ಆಮೇಲೆ ತಾರಸಿಗೆ ಕರೆದುಕೊಂಡು ಹೋದರು, ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ.

“ನಮ್ಮ ಮಗ. ನಾಲ್ಕು ವರ್ಷ ತುಂಬಲಿಲ್ಲ” ಎಂದರು ಬಟ್ಟೆ ಮಡಿಸುತ್ತ. ಆಮೇಲೆ ಉಳಿದದ್ದನ್ನು ಹೇಳಿದರು. ಎಲ್ಲೂ ತಡವರಿಸಲಿಲ್ಲ. ಎಷ್ಟೋ ಸಲ ಒಳಗೊಳಗೇ ಹೇಳಿಕೊಂಡು ನಯವಾಗಿಹೋದ ಮಾತಿನ ಹಾಗಿತ್ತು.

ಮೊದಲನೇ ಹುಟ್ಟುಹಬ್ಬಕ್ಕೆ ಮನೆಗೆ ಫೋಟೋದವರನ್ನು ಕರೆಸಿದ್ದರಂತೆ. ಆಗ ಡಿಜಿಟಲ್ ಕ್ಯಾಮೆರಾ ಬಂದ ಹೊಸದು. ವಾರದ ಮೇಲೆ ಆಲ್ಬಮ್ಮಿಗೆ ಫೋಟೋ ಆರಿಸಿಕೊಡಲು ಜಯನಗರದ ಸ್ಟುಡಿಯೋಗೆ ಇವರೊಬ್ಬರೇ ಹೋದರು. ಕಂಪ್ಯೂಟರಿನ ಮುಂದೆ ಕೂತ ಹುಡುಗ ಒಂದೊಂದೇ ಫೋಟೋ ತೋರಿಸುತ್ತ ಹೋದ. ಅಲ್ಲಲ್ಲಿ, ಕೆಲವು ಫೋಟೋಗಳಲ್ಲಿ, ಮಗುವಿನ ಬಲಗಣ್ಣು ಕೆಂಪಗಿದ್ದರೆ ಎಡಗಣ್ಣು ಬೆಕ್ಕಿನ ಕಣ್ಣಿನ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು.

“ಇದೇನಪ್ಪಾ ಒಂದು ಕಣ್ಣು ಹೀಗೆ ಬಂದಿದೆ ಅಂದೆ. ಫ್ಲ್ಯಾಶ್ ಹೊಡ್ದಿದೆ ಮೇಡಂ, ಕೆಲವು ಸಲ ಹಂಗಾಗುತ್ತೆ ಅಂದ. ಸರಿಮಾಡಿಕೊಡು, ನಮ್ಮತ್ತೆ ನೋಡಿದ್ರೆ ಬೇಜಾರು ಮಾಡ್ಕೋತಾರೆ ಅಂದೆ. ಬಲಗಣ್ಣನ್ನೇ ತೆಗೆದು ಎಡಗಣ್ಣಿನ ಮೇಲೆ ಕೂರಿಸಿದ. ಆಮೇಲೆ ಎರಡರ ಕೆಂಪನ್ನೂ ಕಪ್ಪು ಮಾಡಿದ. ಎಷ್ಟು ಚೆನ್ನಾಗಿ ಮಾಡಿದ ಗೊತ್ತಾ? ಥ್ಯಾಂಕ್ಸ್ ಹೇಳಿ ಬಂದೆ.”

ಮಗುವಿನ ಕಣ್ಣಿನ ಹಿಂದೆ ಗೆಡ್ಡೆ ಬೆಳೆಯುತ್ತಿತ್ತು. ಕತ್ತಲಲ್ಲಿ ನೇರವಾಗಿ ಫ್ಲ್ಯಾಶ್ ಬಿದ್ದರೆ ಆರೋಗ್ಯವಾಗಿರುವ ಕಣ್ಣಿನ ಹಿಂಪರದೆಯ ರಕ್ತ ಕೆಂಪಗೆ ಕಾಣುತ್ತದೆ; ಅಲ್ಲಿ ಬಿಳಿ ಗೆಡ್ಡೆ ಇದ್ದರೆ ಬೆಳ್ಳಗೆ ಕಾಣುತ್ತದೆ. ಅದು ಆಗ ಅವರಿಗೆ ಗೊತ್ತಿರಲಿಲ್ಲ, ಆ ಹುಡುಗನಿಗೂ ಗೊತ್ತಿರಲಿಲ್ಲ. ಒಂದು ವರ್ಷ ಕಳೆದ ಮೇಲೆ ಮಗುವಿಗೆ ಮೆಳ್ಳೆಗಣ್ಣು ಬಂತು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ರೋಗ ಕಣ್ಣಿನಿಂದ ಮುಂದಕ್ಕೆ ಹೋಗಿತ್ತು.

“ಡಾಕ್ಟರು ಕೇಳಿದ್ರು, ಹಳೇ ಫೋಟೋದಲ್ಲಿ ಯಾವ್ದರಲ್ಲಾದ್ರೂ ಕಣ್ಣು ಬೆಳ್ಳಗೆ ಕಂಡಿತ್ತಾ ಅಂತ. ಮನೆಗೆ ಬಂದು ಆಲ್ಬಮ್ ಪೂರ್ತಿ ಹುಡುಕಿದೆ. ಒಂದರಲ್ಲೂ ಇಲ್ಲ. ಎಲ್ಲ ಸರಿಮಾಡ್ಸಿದ್ದೆನಲ್ಲ.”

ನಾನು, “ಆ ಸ್ಟುಡಿಯೋದವನು…” ಎಂದು ಬಾಯಿ ತೆರೆದೆ.

“ಅವನ ಮೇಲೆ ನಂಗೆ ಕೋಪ ಇಲ್ಲ ಕಣ್ರೀ. ಕ್ಯಾಮೆರಾ ನಿಜಾನೇ ಹೇಳಿತ್ತು. ಸುಳ್ಳು ಮಾಡ್ಸಿದ್ದು ನಾನು.”

ಕೆಳಗಿನ ಗೋಡೆಯ ಮೇಲಿದ್ದದ್ದು ಅಂಥದೇ ಒಂದು ಫೋಟೋ. ತೆಗೆದುಬಿಡೋಣ ಎಂದು ಇವರು, ಬೇಡವೆಂದು ಯಜಮಾನರು. ‘ನನಗೆ ಉಳಿದಿರೋದು ಅವನ ಆ ಎರಡು ಕಣ್ಣು’ ಎನ್ನುತ್ತಿದ್ದರಂತೆ ಅವರು. ಅದರಲ್ಲಿ ಒಂದು ಅವನದಲ್ಲ ಎಂದು ಅವರಿಗೂ ಗೊತ್ತು. ಆದರೂ ಅದು ಅಲ್ಲೇ ಇತ್ತು. ಗಂಡ ಹೆಂಡತಿ ದಿನಾ ಬೆಳಗ್ಗೆ ಅದರ ಕೆಳಗೇ ಕಾಫಿ ಕುಡಿಯುತ್ತಿದ್ದರು, ಒಬ್ಬರು ಅದರ ಕಡೆ ಮುಖ ಮಾಡಿ, ಇನ್ನೊಬ್ಬರು ಬೆನ್ನು ಮಾಡಿ.

ಅಂದಿನಿಂದ ಶೆಡ್ಡಿನ ಶಟರ್ ಅರ್ಧ ಇಳಿಯುವ ಸದ್ದು ಕೇಳಿದಾಗಲೆಲ್ಲ ನನಗೆ ಪಾಠದ ಸಾಲು ತಪ್ಪುತ್ತಿತ್ತು.

ಅವರ ಜ್ಞಾನಕ್ಕೂ ಒಂದು ಮಿತಿ ಇತ್ತು, ಅದನ್ನು ಹೇಳದಿದ್ದರೆ ಈ ಚಿತ್ರ ಅರ್ಧವಾಗುತ್ತದೆ. ಒಂದು ವರ್ಷ, ಜರಗನಹಳ್ಳಿಯ ಹಳೇ ಗೌಡರ ಮನೆತನದ ಹುಡುಗನೊಬ್ಬ ಎಲ್‌ಕೆಜಿಗೆ ಸೇರಿದ್ದ. ನಾಲ್ಕಾರು ಬಾಡಿಗೆ ಮನೆಗಳಿದ್ದ ಕುಟುಂಬ, ಮೂರು ಹೆಣ್ಣುಮಕ್ಕಳಾದ ಮೇಲೆ ಹುಟ್ಟಿದ ಗಂಡು. ಅವನ ಎರಡನೇ ಫೋಟೋದಲ್ಲಿ ಒಂದು ಕಣ್ಣು ಬೆಳ್ಳಗೆ ಹೊಳೆಯಿತು. ಇನ್ನೊಂದು ಸಲ ತೆಗೆದು ನೋಡುವಷ್ಟೂ ತಾಳ್ಮೆ ಇವರಿಗೆ ಉಳಿಯಲಿಲ್ಲ. ಅವತ್ತೇ ಹುಡುಗನ ತಂದೆಗೆ ಫೋನ್ ಮಾಡಿ, ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಗೆಡ್ಡೆ ಇರಬಹುದು ಎಂದುಬಿಟ್ಟರು.

ಮನೆಯೇ ಅಲ್ಲೋಲಕಲ್ಲೋಲವಾಯಿತು. ಹುಡುಗನ ಕಣ್ಣಿಗೆ ಡ್ರಾಪ್ಸ್ ಹಾಕಿದರು, ಪ್ರಜ್ಞೆ ತಪ್ಪಿಸಿ ಪರೀಕ್ಷೆ ಮಾಡಿದರು, ಸ್ಕ್ಯಾನ್ ಮಾಡಿದರು. ಏನೂ ಇರಲಿಲ್ಲ. ಮಗು ನೇರ ನೋಡದೆ ಸ್ವಲ್ಪ ಓರೆಯಾಗಿ ನೋಡಿದರೆ, ಕಣ್ಣಿನ ನರ ಸೇರುವ ಜಾಗದ ಮೇಲೆ ಬೆಳಕು ಬಿದ್ದು ಒಳ್ಳೆಯ ಕಣ್ಣೂ ಬೆಳ್ಳಗೆ ಕಾಣಬಹುದಂತೆ. ಇದು ಇವರಿಗೆ ಗೊತ್ತಿರಲಿಲ್ಲ.

ವರದಿ ಬಂದ ಮರುದಿನ ಹುಡುಗನ ತಾತ ಶಾಲೆಯ ಅಂಗಳಕ್ಕೆ ಬಂದು ನಿಂತರು. “ಯಾವಳಮ್ಮಾ ಅವ್ಳು ಫೋಟೋ ಹೊಡ್ಯೋಳು? ಕರೀರಿ ಈಚ್ಗೆ! ನನ್ ಸೊಸೆ ಮೂರ್ ದಿನದಿಂದ ಕೂಳು ನೀರು ಮುಟ್ಟಿಲ್ಲ. ಒಂದ್ ಮಗ ಐತೆ ನಮ್ಗೆ, ಅದ್ಕೂ ಕಣ್ ಹಾಕ್ಬುಟ್ಟಳಲ್ಲ!”

ಇವರು ಶೆಡ್ಡಿನಿಂದ ಹೊರಗೆ ಬಂದು ಕೈಮುಗಿದರು. “ತಪ್ಪಾಯ್ತು ಸಾರ್. ಏನೂ ಇಲ್ವಲ್ಲ, ಅಷ್ಟು ಸಾಕು ಸಾರ್” ಎಂದರು. ಮುದುಕರ ಸಿಟ್ಟು ಅದರಿಂದ ಇನ್ನೂ ಏರಿತು. ಅಂಗಳದ ತುಂಬ ಮಕ್ಕಳು ನೋಡುತ್ತ ನಿಂತಿದ್ದವು.

ಪ್ರಿನ್ಸಿಪಾಲ್ ಮೇಡಂ ಕೆಟ್ಟವರಲ್ಲ. ಆದರೆ ಸಣ್ಣ ಶಾಲೆ, ನಾಲ್ಕು ಮನೆಯವರು ಮಕ್ಕಳನ್ನು ಬಿಡಿಸಿಕೊಂಡರೆ ಕಷ್ಟ. “ಇನ್ಮೇಲೆ ಕ್ಯಾಮೆರಾ ಬೇಡ ಮಿಸ್. ನೀವು ಪಾಠ ಮಾಡಿ, ಸಾಕು” ಎಂದು ಹೇಳಿ ಕ್ಯಾಮೆರಾವನ್ನು ಇಸಿದುಕೊಂಡು ತಮ್ಮ ಬೀರುವಿನಲ್ಲಿ ಇಟ್ಟುಕೊಂಡರು.

ಇವರು ಒಂದು ಮಾತೂ ಎದುರಾಡಲಿಲ್ಲ. ಆದರೆ ಮುನಿಸಿಕೊಂಡರು. ಅಂಥ ಮುನಿಸನ್ನು ನಾನು ದೊಡ್ಡವರಲ್ಲಿ ಕಂಡಿರಲಿಲ್ಲ. ಬೆಳಗ್ಗೆ ಗೇಟಿಗೆ ಬರುವುದನ್ನು ಬಿಟ್ಟರು. ಮಕ್ಕಳ ಗದ್ದ ಹಿಡಿಯುವುದನ್ನು ಬಿಟ್ಟರು. ತಲೆ ತಗ್ಗಿಸಿಕೊಂಡು ಸ್ಲೇಟಿನ ಮೇಲೆ ಅ, ಆ ತಿದ್ದಿಸುತ್ತಿದ್ದರು. ನಾನೊಮ್ಮೆ, “ಹೋಗ್ಲಿ, ಫೋನ್‌ನಲ್ಲಾದ್ರೂ ನೋಡ್ಬಹುದಲ್ಲ” ಎಂದೆ.

“ನಾನು ಎಲ್‌ಕೆಜಿ ಮಿಸ್. ಕಣ್ಣಿನ ಡಾಕ್ಟರಲ್ಲ” ಎಂದರು. ಅದು ತಾತ ಕೂಗಾಡುವಾಗ ಹೇಳಿದ್ದ ಮಾತು.

ಆ ವರ್ಷದ ಎಲ್‌ಕೆಜಿಯಲ್ಲಿ ಒಬ್ಬ ಹುಡುಗಿ ಇದ್ದಳು. ಜರಗನಹಳ್ಳಿಯಲ್ಲಿ ಬಾಡಿಗೆಗಿದ್ದವರ ಮಗಳು. ತಂದೆ ಏಸಿ ರಿಪೇರಿ ಕೆಲಸದವರು, ತಾಯಿ ಜಯನಗರ ನಾಲ್ಕನೇ ಬ್ಲಾಕಿನ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ನಲ್ಲಿದ್ದವಳು. ಹುಡುಗಿ ಆಗಾಗ ಬಾಗಿಲ ಚೌಕಟ್ಟಿಗೆ ಎಡ ಭುಜ ಬಡಿದುಕೊಳ್ಳುತ್ತಿದ್ದಳು. ತುಂಟಿ, ನೋಡಿಕೊಂಡು ಓಡುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದೆವು.

ಬೇಸಿಗೆ ರಜಕ್ಕೆ ಇನ್ನೂ ಸ್ವಲ್ಪ ದಿನವಿತ್ತು. ಆ ಹುಡುಗಿಯ ಹುಟ್ಟುಹಬ್ಬದ ಸಂಜೆ ಅವರ ಬೀದಿಯಲ್ಲಿ ಕರೆಂಟ್ ಹೋಗಿತ್ತು. ಮೇಣದಬತ್ತಿಯ ಬೆಳಕಿನಲ್ಲೇ ಕೇಕ್ ಕತ್ತರಿಸಿದರು. ಯಾರೋ ಫೋನಿನ ಫ್ಲ್ಯಾಶ್ ಹಾಕಿ ಫೋಟೋ ತೆಗೆದರು. ಮರುದಿನ ಬೆಳಗ್ಗೆ ತಾಯಿ ಅವನ್ನು ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕಿದ್ದಳು, ‘ಎಲ್ಲರೂ ಆಶೀರ್ವಾದ ಮಾಡಿ’ ಎಂದು ಬರೆದು.

ನಾನು ಸ್ಟಾಫ್ ರೂಮಿಗೆ ಹೋದಾಗ ಇವರು ಫೋನನ್ನು ಮೇಜಿನ ಮೇಲಿಟ್ಟು ಎರಡು ಬೆರಳಲ್ಲಿ ಫೋಟೋ ದೊಡ್ಡದು ಮಾಡುತ್ತಿದ್ದರು. ಒಂದಾದ ಮೇಲೆ ಒಂದು. ನೇರ ನೋಡಿದ್ದರಲ್ಲೂ, ಓರೆ ನೋಡಿದ್ದರಲ್ಲೂ, ಎಡಗಣ್ಣು ಬೆಳ್ಳಗಿತ್ತು.

ಅಲ್ಲೇ ಫೋನ್ ಮಾಡಿದರು. ಆ ಕಡೆಯ ದನಿ ನನಗೂ ಕೇಳಿಸುತ್ತಿತ್ತು. “ಹೋದ್ಸಲ ಗೌಡ್ರ ಮನೆ ಹುಡ್ಗಂಗೂ ಹಿಂಗೇ ಹೇಳಿದ್ರಂತಲ್ಲ ಮಿಸ್. ಆಮೇಲೆ ಏನೂ ಇರ್ಲಿಲ್ವಂತೆ” ಎಂದಳು ತಾಯಿ.

“ಹೌದಮ್ಮಾ. ಆವತ್ತು ನಾನು ತಪ್ಪು ಹೇಳಿದ್ದೆ. ಇವತ್ತೂ ತಪ್ಪೇ ಆಗ್ಲಿ ಅಂತ ಬೇಡ್ಕೋತಿದೀನಿ. ಆದ್ರೆ ಒಂದ್ಸಲ ತೋರಿಸ್ಬಿಡಿ.”

ತಾಯಿ ಹೂಂ ಅನ್ನಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಇವರು ನನ್ನನ್ನೂ ಕರೆದುಕೊಂಡು ಅವರ ಮನೆಗೇ ಹೋದರು. ಮೆಟ್ಟಿಲ ಮೇಲೆ ಚಪ್ಪಲಿ ಬಿಡುವಾಗ ಹುಡುಗಿ ಎದುರಿಗೆ ಓಡಿಬಂದಳು. ಇವರು ಎಷ್ಟೋ ತಿಂಗಳ ಮೇಲೆ ಆ ಮಗುವಿನ ಗದ್ದ ಹಿಡಿದು ಮುಖ ಎತ್ತಿ ನೋಡಿದರು. ಆಮೇಲೆ ಬಲಗಣ್ಣಿನ ಮೇಲೆ ತಮ್ಮ ಅಂಗೈ ಇಟ್ಟು, “ಪುಟ್ಟಾ, ನಾನು ಎಷ್ಟು ಬೆರಳು ತೋರಿಸ್ತಿದೀನಿ?” ಎಂದು ಕೇಳಿದರು. ಮಗು ನಕ್ಕು, “ಕತ್ಲೆ ಮಿಸ್” ಎಂದಿತು.

ತಾಯಿ ಬಂದು ಮಗುವಿನ ಬಲಗಣ್ಣಿನ ಮೇಲೆ ತಾನೂ ಅಂಗೈ ಇಟ್ಟು ನೋಡಿದಳು.

ಮರುದಿನ ಆಸ್ಪತ್ರೆಗೆ ನಾವಿಬ್ಬರೂ ಜೊತೆಗೆ ಹೋದೆವು. ಪರೀಕ್ಷೆಗಳು ಮುಗಿದ ಮೇಲೆ ಡಾಕ್ಟರು ಹೇಳಿದ್ದು ಇಷ್ಟು: ಕಣ್ಣು ತೆಗೆಯಬೇಕು. ಗೆಡ್ಡೆ ಹೊರಗೆ ಹರಡಿದ ಹಾಗೆ ಕಾಣುವುದಿಲ್ಲ, ಜೀವಕ್ಕೆ ಬಹುಶಃ ಅಪಾಯವಿಲ್ಲ. ಇನ್ನೂ ಕೆಲವು ತಿಂಗಳು ಮುಂಚೆ ಬಂದಿದ್ದರೆ ಕಣ್ಣನ್ನೂ ಉಳಿಸಲು ನೋಡಬಹುದಿತ್ತೋ ಏನೋ.

ಕಾರಿಡಾರಿನಲ್ಲಿ ಹುಡುಗಿಯ ತಂದೆ ಗೋಡೆಗೆ ತಲೆ ಆನಿಸಿ ನಿಂತಿದ್ದರು. ಇವರು ಹತ್ತಿರ ಹೋಗಿ, “ಮಗು ಉಳೀತಾಳಪ್ಪಾ” ಎಂದರು. ಅವರು ತಿರುಗಿ ನೋಡಿ, “ನೀವು ಆ ಫೋಟೋ ನೋಡ್ಬಾರ್ದಿತ್ತು. ನಿಮ್ ಬಾಯಿಂದ ಅದು ಬರ್ಲೇಬಾರ್ದಿತ್ತು” ಎಂದರು. ಸಂಕಟಕ್ಕೆ ಅಂದ ಮಾತು. ಅರ್ಥ ಹುಡುಕುವಂಥದ್ದಲ್ಲ. ಇವರು ತಲೆ ಅಲ್ಲಾಡಿಸಿ, ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕುಳಿತರು.

ಆಪರೇಷನ್ ಆಯಿತು. ಆ ಮನೆಯವರು ಮತ್ತೆ ನಮ್ಮ ಶಾಲೆಯ ಕಡೆ ಬರಲಿಲ್ಲ. ಮನೆ ಬದಲಾಯಿಸಿ ಗೊಟ್ಟಿಗೆರೆ ಕಡೆ ಹೋದರೆಂದು ಶಾಲೆಯ ಆಯಾಳಿಂದ ತಿಳಿಯಿತು.

ಪ್ರಿನ್ಸಿಪಾಲ್ ಮೇಡಂ ಒಂದು ಬೆಳಗ್ಗೆ ತಾವೇ ಶೆಡ್ಡಿಗೆ ಬಂದು ಕ್ಯಾಮೆರಾವನ್ನು ಮೇಜಿನ ಮೇಲಿಟ್ಟರು. “ತಗೊಳ್ಳಿ ಮಿಸ್. ನಾನು…” ಎಂದು ಶುರುಮಾಡಿದರು.

“ನಿಮ್ದೇನೂ ತಪ್ಪಿಲ್ಲ ಮೇಡಂ. ನೀವು ತಗೊಂಡಿದ್ದು ಕ್ಯಾಮೆರಾ ಒಂದೇ. ಕಣ್ಣು ನನ್ನ ಹತ್ರಾನೇ ಇತ್ತು” ಎಂದರು ಇವರು. ಆವತ್ತು ಮಧ್ಯಾಹ್ನ ಮೊಸರನ್ನದ ಡಬ್ಬಿ ಮುಚ್ಚಿದ ಹಾಗೇ ಇತ್ತು. “ಎಷ್ಟು ತಿಂಗಳು ನನ್ನ ಮುಂದೇನೇ ಕೂತಿತ್ತು ಆ ಮಗು. ನಾನು ಮುನಿಸ್ಕೊಂಡು ಕೂತಿದ್ದೆ” ಎಂದು ನನಗೆ ಹೇಳಿದರು. ಸಮಾಧಾನ ಮಾಡಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ನಾನು ಆ ಡಬ್ಬಿಯನ್ನು ಅವರ ಕಡೆಗೆ ಸರಿಸಿದೆ.

ನಿವೃತ್ತಿಯವರೆಗೂ ಫೋಟೋ ತೆಗೆದರು. ಆದರೆ ಅದರಲ್ಲಿದ್ದ ಉತ್ಸಾಹ ಹೋಗಿತ್ತು. ಒಂದೊಂದು ಮಗುವಿಗೂ ನೇರ, ಎಡ, ಬಲ ಎಂದು ಮತ್ತೆ ಮತ್ತೆ ತೆಗೆಯುತ್ತಿದ್ದರು, ನಂಬಿಕೆ ಬರುವವರೆಗೆ. ಬೇರೆ ಯಾವ ಮಗುವಿನಲ್ಲೂ ಏನೂ ಕಾಣಲಿಲ್ಲ. ರಾಕ್ಷಸರ ತಮಾಷೆಯನ್ನು ಯಾರೂ ಮಾಡಲಿಲ್ಲ.

ನಿವೃತ್ತಿಯಾದ ಮೇಲೆ ಅವರ ಹೃದಯ ದುರ್ಬಲವಾಗುತ್ತ ಬಂತು. ನಾನು ವಾರಕ್ಕೊಮ್ಮೆ ಸುಬ್ರಹ್ಮಣ್ಯಪುರಕ್ಕೆ ಹೋಗಿ ಬರುತ್ತಿದ್ದೆ. ಒಮ್ಮೆ ನನ್ನ ಹೊಸ ಫೋನಿನಲ್ಲಿ ತಮ್ಮನ ಮೊಮ್ಮಗಳ ಫೋಟೋ ತೋರಿಸಿದೆ. ಮಬ್ಬು ಕೋಣೆಯಲ್ಲಿ ತೆಗೆದದ್ದು, ಆದರೂ ಹಗಲಿನ ಹಾಗಿತ್ತು.

“ಫ್ಲ್ಯಾಶ್ ಹಾಕಿಲ್ವಾ?” ಎಂದರು.

“ಈಗಿನ ಫೋನ್‌ಗೆ ಬೇಕಾಗೇ ಇಲ್ಲ. ಹಾಕಿದ್ರೂ ಕಣ್ಣು ಕೆಂಪಾಗಿದ್ರೆ ಅದೇ ಸರಿಮಾಡಿಬಿಡುತ್ತೆ” ಎಂದೆ, ಬಾಯಿತಪ್ಪಿ.

ಅವರು ಸ್ವಲ್ಪ ಹೊತ್ತು ಮಗುವಿನ ಮುಖವನ್ನೇ ನೋಡಿದರು. “ನಾನು ಕೇಳಿ ಮಾಡಿಸ್ಕೊಂಡೆ. ಈಗಿನವರು ಕೇಳಬೇಕಾಗೂ ಇಲ್ಲ” ಎಂದು ಫೋನನ್ನು ಹಿಂದಕ್ಕೆ ಕೊಟ್ಟರು.

ದಸರೆ ಕಳೆದ ಮೇಲೆ ಹೋದಾಗ ಮಾತಿಗೆ ಉಸಿರು ಸಾಲುತ್ತಿರಲಿಲ್ಲ. ನನ್ನ ಕೈ ಹಿಡಿದು, “ಆ ಹುಡುಗಿ ಹೇಗಿದ್ದಾಳೆ ಅಂತ ಒಂದು ಮಾತು ವಿಚಾರಿಸ್ತೀರಾ?” ಎಂದು ಕೇಳಿದರು. ಅಷ್ಟು ವರ್ಷಗಳಲ್ಲಿ ಅವರು ಆ ಹುಡುಗಿಯ ಮಾತೆತ್ತಿದ್ದು ಅದೇ ಮೊದಲು. ತಾಯಿಯ ನಂಬರು ನನ್ನ ಫೋನಿನಲ್ಲಿ ಹಾಗೇ ಇತ್ತು. ಹೊರಗೆ ಬಂದು ಫೋನ್ ಮಾಡಿದೆ. ನಾನು ಯಾರೆಂದು, ಮಿಸ್‌ಗೆ ಹುಷಾರಿಲ್ಲವೆಂದು ಹೇಳಿ, ಮಗಳು ಹೇಗಿದ್ದಾಳೆ ಎಂದು ಕೇಳಿದೆ.

“ಚೆನ್ನಾಗಿದಾಳೆ ಮಿಸ್. ಹೈಸ್ಕೂಲು. ಥ್ರೋಬಾಲ್ ಆಡ್ತಾಳೆ. ಚಿಕ್ಕವಳಿದ್ದಾಗ ಬಿದ್ದು ಪೆಟ್ಟಾಯ್ತು ಅಂತ ಹೇಳಿದೀವಿ ಅವಳಿಗೆ. ಹೆಚ್ಚಿಗೆ ಕೇಳಿಲ್ಲ ಅವ್ಳು.”

ಒಳಗೆ ಹೋಗಿ ಹೇಳಿದೆ. ಇವರು ಒಂದೇ ಪ್ರಶ್ನೆ ಕೇಳಿದರು.

“ಇನ್ನೊಂದು ಕಣ್ಣು?”

“ಚೆನ್ನಾಗಿದೆಯಂತೆ. ವರ್ಷಾವರ್ಷ ತೋರಿಸ್ತಾರಂತೆ.”

ಕಣ್ಣು ಮುಚ್ಚಿಕೊಂಡರು. ರೆಪ್ಪೆಯ ಅಂಚಿನಿಂದ ನೀರು ಕಿವಿಯ ಕಡೆಗೆ ಹರಿಯಿತು. ನಾನು ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ.

ಎರಡು ದಿನ ಬಿಟ್ಟು ಆ ತಾಯಿಯೇ ನನಗೆ ಫೋನ್ ಮಾಡಿದಳು. ಮಿಸ್‌ಗೆ ಹುಷಾರಿಲ್ಲವೆಂದು ಮನೆಯಲ್ಲಿ ಹೇಳಿದೆ, ಭಾನುವಾರ ಮಗಳನ್ನು ಕರೆದುಕೊಂಡು ಬರುತ್ತೇವೆ, ಬರಬಹುದಾ ಎಂದಳು. ನಾನು ವಿಳಾಸ ಕಳಿಸಿದೆ.

ಭಾನುವಾರ ಬೆಳಗ್ಗೆ ಇವರು ಸ್ನಾನ ಮಾಡಿಸಿಕೊಂಡು, ಗಂಜಿ ಹಾಕಿದ ಸೀರೆ ಉಡಿಸಿಕೊಂಡು, ದಿಂಬಿಗೆ ಒರಗಿ ಕುಳಿತರು. ಯಜಮಾನರು ಗಾಂಧಿ ಬಜಾರಿನವರೆಗೆ ಹೋಗಿ ಬಾದಾಮಿ ಹಲ್ವ ತಂದಿದ್ದರು. ಹನ್ನೊಂದಾಯಿತು, ಊಟದ ಹೊತ್ತಾಯಿತು. ನಾನು ಫೋನ್ ಮಾಡಿದರೆ ಎತ್ತಲಿಲ್ಲ. ಮಧ್ಯಾಹ್ನ ಮುಗಿಯುತ್ತ ಬಂದಾಗ ಇವರೇ, “ಮಲಗಿಸಿ” ಎಂದರು. ಸೊಂಟಕ್ಕೆ ಕೈಕೊಟ್ಟು ಮಲಗಿಸುವಾಗ ಹೇಳಿದರು, “ಬರದೇ ಇದ್ದದ್ದೇ ಒಳ್ಳೇದಾಯ್ತು. ಬಂದಿದ್ರೆ ನಾನ್ಯಾರು ಅಂತ ಆ ಮಗೂಗೆ ಹೇಳಬೇಕಾಗ್ತಿತ್ತು.”

ಆ ವಾರ ದಾಟಲಿಲ್ಲ.

ವೈಕುಂಠ ಸಮಾರಾಧನೆ ಮುಗಿಸಿ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ತಾಯಿಯ ಫೋನ್ ಬಂತು. ಮಿಸ್ ಹೇಗಿದ್ದಾರೆ ಎಂದು ಕೇಳಿದಳು. ಹೇಳಿದೆ. ಅವಳು ಅಳುವುದನ್ನು ಕೇಳುತ್ತ ನಿಂತೆ. ಎರಡು ಬಸ್ಸು ಬಂದು ಹೋದವು.

“ಆವತ್ತು ಬಂದಿದ್ವಿ ಮಿಸ್” ಎಂದಳು ಕೊನೆಗೆ. “ಗೇಟ್ ತನಕ ಬಂದಿದ್ವಿ. ಇವ್ರು ಬೈಕ್ ಆಫ್ ಮಾಡ್ಲೇ ಇಲ್ಲ. ಹ್ಯಾಂಡಲ್ ಹಿಡ್ಕೊಂಡು ಹಾಗೇ ಕೂತಿದ್ರು. ಇಳೀರಿ ಅಂದೆ. ನನ್ ಕೈಲಿ ಆಗಲ್ಲ ಕಣೇ ಅಂದ್ರು. ತಿರುಗಿಸ್ಕೊಂಡು ಹೊರಟೇಬಿಟ್ರು.”

ನಾನು ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡೆ.

“ಇದ್ಯಾರ ಮನೆ ಅಮ್ಮ ಅಂತ ಕೇಳಿದ್ಲು ಮಗಳು, ದಾರೀಲಿ” ಎಂದಳು. “ಗೊತ್ತಿರೋರ ಮನೆ ಅಂದೆ ಮಿಸ್. ಇನ್ನೇನು ಹೇಳ್ಲಿ? ಗೊತ್ತಿರೋರು ಅಂದೆ, ಅಷ್ಟೇ.”